ದಿಂಬಂ ಇಳಿಯುವಾಗ ಕಾಲು ಬ್ರೇಕಿನ ಮೇಲಲ್ಲ

ತಮಿಳುನಾಡಿನ ಸತ್ಯಮಂಗಲ ಕಾಡಿನ ದಿಂಬಂ ಘಾಟಿ ಇಳಿಯುವ ಮುಂಚೆ ನಾನು ಲಾರಿ ನಿಲ್ಲಿಸಿಯೇ ನಿಲ್ಲಿಸುತ್ತೇನೆ. ಎಷ್ಟೇ ಹೊತ್ತಾಗಿರಲಿ. ಕೆಳಗಿಳಿದು ಆರೂ ಚಕ್ರಕ್ಕೆ ರಾಡಿನಿಂದ ಒಂದೊಂದು ಏಟು ಕೊಡುತ್ತೇನೆ. ಗಾಳಿ ಸರಿಯಿರುವ ಟಯರ್ ಟಣ್ ಅನ್ನುತ್ತದೆ, ಇಳಿದದ್ದು ದಪ್ ಅನ್ನುತ್ತದೆ. ಹಿಂದಿನ ಜೋಡಿ ಚಕ್ರದಲ್ಲಿ ಒಳಗಿನದು ಪಂಚರ್ ಆಗಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಹೊರಗಿನದೊಂದೇ ಭಾರವೆಲ್ಲ ಹೊತ್ತು ನಿಂತಿರುತ್ತದೆ. ಅದು ಕಿವಿಗೆ ಮಾತ್ರ ಗೊತ್ತಾಗುತ್ತದೆ. ಆಮೇಲೆ ಹಗ್ಗ ಎಳೆದು ನೋಡುವುದು, ಟಾರ್ಪಾಲು ನೋಡುವುದು. ಮೇಲೆ ಹತ್ತಿ, ಬ್ರೇಕ್ ಹಿಡಿಸುವ ಗಾಳಿಯ ಮೀಟರ್ ಪೂರ್ತಿ ಏರುವವರೆಗೆ ಕಾಯುವುದು. ಇಷ್ಟಕ್ಕೆ ಹತ್ತು ನಿಮಿಷ ಸಾಕು.

ನಮ್ಮೂರು ತಾಳವಾಡಿ ಹತ್ತಿರ. ಜಿಲ್ಲೆ ಈರೋಡು, ಮನೆಮಾತು ಕನ್ನಡ. ನಾನು ಓಡಿಸುವುದು ಕರ್ನಾಟಕದ ಲಾರಿ. ಮೈಸೂರು ಕಡೆ ಲೋಡು ಮಾಡಿಕೊಂಡು ಚಾಮರಾಜನಗರ, ಪುಣಜನೂರು, ಹಾಸನೂರು ದಾಟಿ ದಿಂಬಂ ಇಳಿಯಬೇಕು. ಬಣ್ಣಾರಿ, ಸತ್ಯಮಂಗಲ ಆದ ಮೇಲೆ ಕೊಯಮತ್ತೂರು. ಒಮ್ಮೊಮ್ಮೆ ಪಾಲಕ್ಕಾಡ್ ದಾಟಿ ಕೊಚ್ಚಿಯವರೆಗೂ ಹೋಗುತ್ತೇನೆ. ಉಳಿದ ದಾರಿಯೆಲ್ಲ ಒಂದು ತೂಕ, ದಿಂಬಂನ 27 ಹೇರ್‌ಪಿನ್ ತಿರುವುಗಳೇ ಒಂದು ತೂಕ.

ಮೊದಮೊದಲು ನನಗೆ ಈ ಬುದ್ಧಿ ಇರಲಿಲ್ಲ. ಆಗಿನ ಮಾಲೀಕರು ಟ್ರಿಪ್ಪಿಗೆ ಇಷ್ಟು ಡೀಸೆಲ್ ಅಂತ ಲೆಕ್ಕ ಹಾಕಿ ಕೊಡುತ್ತಿದ್ದರು. ಉಳಿಸಿದ್ದು ಡ್ರೈವರಿಗೆ. ಹಾಗಾಗಿ ಇಳಿಜಾರು ಬಂದರೆ ಸಾಕು, ಗೇರ್ ತೆಗೆದು ನ್ಯೂಟ್ರಲ್‌ಗೆ ಹಾಕಿ ಬಿಟ್ಟುಬಿಡುವುದು ಎಲ್ಲರಿಗೂ ಅಭ್ಯಾಸ. ಒಂದು ರಾತ್ರಿ ಅಕ್ಕಿ ಲೋಡಿನಲ್ಲಿ ನಾನೂ ಹಾಗೇ ಇಳಿಸುತ್ತಿದ್ದೆ. ತಿರುವು ಬಂದಾಗ ಬ್ರೇಕ್, ಮತ್ತೆ ಬಿಡು, ಮತ್ತೆ ಬ್ರೇಕ್. ಅರ್ಧ ಘಾಟಿ ದಾಟುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಮುಂದಿನ ಗಾಡಿಯದ್ದು ಅಂದುಕೊಂಡೆ. ಮುಂದೆ ಗಾಡಿಯೇ ಇರಲಿಲ್ಲ. ಕಾಲು ಒತ್ತಿದರೆ ಪೆಡಲ್ ಕೆಳಗೆ ಹೋಗುತ್ತಿದೆ, ಲಾರಿ ಮಾತ್ರ ನಿಲ್ಲುತ್ತಿಲ್ಲ. ಆ ವೇಗದಲ್ಲಿ ಗೇರ್ ಹಾಕಲು ಹೋದರೆ ಕರಕರ ಅಂತು, ಕೂರಲಿಲ್ಲ. ಕೆಳಗಿನಿಂದ ಎಂಟನೇ ತಿರುವಿನ ಮುಂಚೆ ಬೆಟ್ಟದ ಕಡೆಯ ಚರಂಡಿಗೆ ಎಡಗಡೆ ಚಕ್ರ ಇಳಿಸಿ, ಮಣ್ಣಿನ ದಿಬ್ಬಕ್ಕೆ ಉಜ್ಜಿಸಿ ನಿಲ್ಲಿಸಿದೆ. ಬಾಡಿಯ ಒಂದು ಬದಿ ಪೂರ್ತಿ ಹೋಯಿತು. ನನಗೂ ಕ್ಲೀನರ್ ಹುಡುಗನಿಗೂ ಏನೂ ಆಗಲಿಲ್ಲ. ಇನ್ನೊಂದು ಬದಿಯಲ್ಲಿ ಏನಿತ್ತು ಅಂತ ಬೆಳಗಾದ ಮೇಲೆ ನೋಡಿದೆ. ಮರಗಳ ತುದಿ ಕಂಡವು.

ಹಿಂದೆ ಬರುತ್ತಿದ್ದ ಹಳೆಯ ಡ್ರೈವರ್ ಒಬ್ಬರು ಲಾರಿ ನಿಲ್ಲಿಸಿದರು. ಬೈಯಲಿಲ್ಲ. "ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳೀಬೇಕು ಕಣಪ್ಪ. ಅರ್ಧದಾರಿಯಲ್ಲಿ ಹಾಕ್ತೀನಿ ಅಂದ್ರೆ ಆಗಲ್ಲ, ಮೇಲೇ ಹಾಕ್ಕೋಬೇಕು" ಅಂದರು. ನನ್ನ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದೆ ಬರುವವರಿಗೆ ಗೊತ್ತಾಗಲಿ ಅಂತ ಸೊಪ್ಪಿನ ಕೊಂಬೆ ಹಾಕಿ ಹೋದರು.

ಈಗ ನಾನು ಇಳಿಸುವ ರೀತಿ ಬೇರೆ. ಮೇಲೆಯೇ ಎರಡನೇ ಗೇರ್, ಲೋಡು ಕಮ್ಮಿಯಿದ್ದರೆ ಮೂರನೇದು. ಹೊಗೆಯ ದಾರಿ ತಡೆದು ಇಂಜಿನ್ನಿನಿಂದಲೇ ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಆನ್. ಲಾರಿಯನ್ನು ಇಂಜಿನ್ನೇ ಹಿಡಿದುಕೊಳ್ಳುತ್ತದೆ. ಕಾಲು ಬ್ರೇಕಿನ ಮೇಲೆ ಇಟ್ಟುಕೊಂಡೇ ಇರುವುದಿಲ್ಲ. ತಿರುವಿನ ಮುಂಚೆ ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡುತ್ತೇನೆ. ಸುಮ್ನೆ ಕಾಲಿಟ್ಟುಕೊಂಡಿದ್ದರೆ ಬ್ರೇಕಿನ ಲೈನರ್ ಬಿಸಿಯಾಗುತ್ತದೆ, ಅದು ಒತ್ತಿ ಹಿಡಿಯುವ ಡ್ರಮ್ ಹಿಗ್ಗುತ್ತದೆ, ಹಿಡಿತ ಹೋಗುತ್ತದೆ. ಪದೇ ಪದೇ ಒತ್ತಿದರೆ ಬ್ರೇಕ್ ಟ್ಯಾಂಕಿನ ಗಾಳಿಯೂ ಖಾಲಿ.

ಗೇರ್ ತೆಗೆದು ಇಳಿಸಿದರೆ ಡೀಸೆಲ್ ಉಳಿಯುತ್ತೆ ಅನ್ನುವವರಿಗೆ ಒಂದು ಮಾತು ಹೇಳಲೇಬೇಕು. ಈಗಿನ ಬಿಎಸ್-6 (ಹೊಸ ಹೊಗೆ ನಿಯಮದ) ಗಾಡಿಗಳಲ್ಲಿ ಗೇರ್‌ನಲ್ಲಿದ್ದು ಆಕ್ಸಿಲೇಟರ್ ಬಿಟ್ಟರೆ ಇಂಜಿನ್‌ಗೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ. ಚಕ್ರವೇ ಇಂಜಿನ್ ತಿರುಗಿಸುತ್ತಿರುತ್ತದೆ. ನ್ಯೂಟ್ರಲ್‌ನಲ್ಲಾದರೆ ಇಂಜಿನ್ ಆರದಂತೆ ಇರಲು ಡೀಸೆಲ್ ಬೇಕೇ ಬೇಕು. ಅಂದರೆ ಉಳಿಯುವುದು ಏನೂ ಇಲ್ಲ. ಕೆಲವರು ಇಂಜಿನ್ನನ್ನೇ ಆಫ್ ಮಾಡುತ್ತಾರೆ. ಆಗ ಗಾಳಿ ತುಂಬುವುದು ನಿಲ್ಲುತ್ತದೆ, ಸ್ಟೇರಿಂಗ್ ಕಲ್ಲಾಗುತ್ತದೆ. ಧರ್ಮಪುರಿಯಿಂದ ಸೇಲಂ ಕಡೆ ಹೋಗುವಾಗ ತೊಪ್ಪೂರು ಘಾಟಿಯಲ್ಲಿ ನಜ್ಜುಗುಜ್ಜಾದ ಲಾರಿಗಳನ್ನು ನೋಡಿದ್ದೇನೆ. ಒಳಗಿದ್ದವರು ನಮ್ಮ ಹಾಗೇ ಮನೆಗೆ ಫೋನ್ ಮಾಡಿ ಹೊರಟವರು ಅಲ್ವಾ?

ತಿರುವಿನಲ್ಲಿ ಹತ್ತುವ ಗಾಡಿಗೆ ಮೊದಲ ದಾರಿ. ಇದು ರಸ್ತೆ ನಿಯಮವೇ. ಲೋಡಿನ ಗಾಡಿ ಅರ್ಧದಲ್ಲಿ ನಿಂತರೆ ಮತ್ತೆ ಎತ್ತುವುದು ಕಷ್ಟ, ಹಿಂದಕ್ಕೆ ಜಾರಬಹುದು. ಅದಕ್ಕೇ ನಾನು ತಿರುವಿಗೆ ಬರುವ ಮುಂಚೆ ಮೇಲ್ಗಡೆಯೇ ನಿಂತು, ಹತ್ತುವವರನ್ನು ಲೈಟ್ ಹಾಕಿ ಕರೆಯುತ್ತೇನೆ. ಕೆಟ್ಟು ನಿಂತಾಗ ಚಕ್ರಕ್ಕೆ ಕೊಟ್ಟ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗುವವರನ್ನು ಕಂಡರೆ ನನಗೆ ತಡೆಯಲಾಗದ ಸಿಟ್ಟು ಬರುತ್ತದೆ. ರಾತ್ರಿ ಬೈಕಿನವರಿಗೆ ಆ ಕಲ್ಲು ಹೇಗೆ ಕಾಣಬೇಕು?

2022ರ ಫೆಬ್ರವರಿ 10ರಿಂದ ಮದ್ರಾಸ್ ಹೈಕೋರ್ಟ್ ಆದೇಶದಂತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಲಾರಿಗಳಿಗೆ ಈ ದಾರಿ ಬಂದ್ ಆಯಿತು. ಇದು ಹುಲಿ ಮೀಸಲು ಕಾಡು. ರಾತ್ರಿ ಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯುತ್ತಿದ್ದವು. ಆಗ ನನಗೂ ಕೋಪ ಬಂದಿತ್ತು. ನಮಗೆ ಬತ್ತಾ, ಅಂದರೆ ಡ್ರೈವರ್ ಭತ್ಯೆ, ಟ್ರಿಪ್ಪಿನ ಲೆಕ್ಕ. ರಾತ್ರಿ ನಿಂತರೆ ತಿಂಗಳಿಗೆ ಎರಡು ಟ್ರಿಪ್ಪು ಕಮ್ಮಿ. ಆ ನಷ್ಟ ಇವತ್ತಿಗೂ ಇದೆ, ಇಲ್ಲ ಅನ್ನಲಾರೆ. ಆದರೆ ರಾತ್ರಿ ಎರಡರಿಂದ ಐದರವರೆಗೆ ಕಣ್ಣು ತೆರೆದೇ ನಿದ್ದೆ ಹೋಗುವ ಹೊತ್ತು. ಆ ಹೊತ್ತಿನಲ್ಲೇ ನಾವು ಘಾಟಿ ಇಳಿಯುತ್ತಿದ್ದೆವು. ಈಗ ಪುಣಜನೂರು ಚೆಕ್‌ಪೋಸ್ಟಿನ ಹಿಂದೆ ಸಾಲಿನಲ್ಲಿ ನಿಲ್ಲಿಸಿ, ಕ್ಯಾಬಿನ್ನಲ್ಲಿ ಚಾಪೆ ಹಾಸಿ ಮಲಗುತ್ತೇನೆ. ಅಡುಗೆ ನಮ್ಮದೇ. ಸಣ್ಣ ಸ್ಟೌವಿನಲ್ಲಿ ಅನ್ನ, ಹುರುಳಿ ಸಾರು. ಲೋಡಿನ ದಾರಿಯಲ್ಲಿ ಹೊಟ್ಟೆ ಬಿರಿಯ ತಿಂದರೆ ನಿದ್ದೆ ಎಳೆಯುತ್ತದೆ, ಅದಕ್ಕೆ ಬೆಳಿಗ್ಗೆ ಎರಡೇ ಇಡ್ಲಿ.

ಕಾರಪಳ್ಳದಿಂದ ಹಾಸನೂರಿನ ನಡುವೆ ಆನೆ ಕಂಡರೆ ದೂರದಲ್ಲೇ ನಿಲ್ಲುತ್ತೇನೆ. ಹಾರ್ನ್ ಹೊಡೆಯುವುದಿಲ್ಲ. ಕಬ್ಬಿನ ಲಾರಿಯವರು ಹಿಂದೆ ಕಬ್ಬು ಎಸೆದು ಎಸೆದು ಆನೆಗಳಿಗೆ ರಸ್ತೆಯ ರುಚಿ ಹತ್ತಿಸಿದರು. ಈಗ ಅವು ಲಾರಿ ಅಡ್ಡಹಾಕಿ ಕೇಳುತ್ತವೆ. ಎಸೆದರೆ ಅರಣ್ಯ ಇಲಾಖೆ ದಂಡ ಹಾಕುತ್ತದೆ, ಹಾಕಬೇಕಾದ್ದೇ. ಮರಿ ಜೊತೆಗಿದ್ದರೆ ಅರ್ಧ ಗಂಟೆಯಾದರೂ ಕಾಯುತ್ತೇನೆ.

ಈಗ ನನ್ನ ಜೊತೆ ಬರುವ ಕ್ಲೀನರ್ ನಮ್ಮೂರ ಹುಡುಗ. ಲೈಸೆನ್ಸ್ ಮಾಡಿಸಿಕೊಳ್ಳಬೇಕೆಂಬ ಆಸೆ ಅವನಿಗೆ. ಮೊನ್ನೆ ಬಣ್ಣಾರಿಯಲ್ಲಿ ನಿಲ್ಲಿಸಿದ ಕೂಡಲೇ ನಾನು ಹೇಳುವ ಮುಂಚೆಯೇ ಇಳಿದು, ಒಂದೊಂದು ಡ್ರಮ್ಮಿನ ಹತ್ತಿರ ಅಂಗೈ ಹಿಡಿದು ನೋಡಿಕೊಂಡು ಬಂದ. "ಬರೀ ಬೆಚ್ಚಗಿದೆ ಅಣ್ಣ, ಅಷ್ಟೇ" ಅಂದ. ಇಬ್ಬರೂ ಬಣ್ಣಾರಿ ಅಮ್ಮನ ಗುಡಿಯ ಪ್ರಸಾದದ ಮಣ್ಣು ಹಣೆಗೆ ಹಚ್ಚಿಕೊಂಡು ಸತ್ಯಮಂಗಲದ ದಾರಿ ಹಿಡಿದೆವು.