ಬ್ರೌಸರ್‌ನಲ್ಲಿ ಸೈಫರ್ ಆಯ್ಕೆಯೇ ಕಾಣದಿದ್ದಾಗ

ನಮ್ಮ ಆಫೀಸಿನ ಹಳೆಯ ನೆಟ್‌ವರ್ಕ್ ಸ್ವಿಚ್ಚಿನಲ್ಲಿ ಒಂದು ಸಣ್ಣ ಬದಲಾವಣೆ ಮಾಡಬೇಕಿತ್ತು. ಫೈರ್‌ಫಾಕ್ಸ್‌ನಲ್ಲಿ ಅದರ ಅಡ್ಮಿನ್ ಪುಟ ತೆರೆದರೆ ‘ನೋ ಸೈಫರ್ ಓವರ್‌ಲ್ಯಾಪ್’ ಎಂಬ ಎರರ್ ಬಂತು. ಅಂದರೆ ಸ್ವಿಚ್ಚಿಗೂ ಬ್ರೌಸರ್‌ಗೂ ಹೊಂದುವ ಸೈಫರ್, ಅಂದರೆ ಮಾಹಿತಿಯನ್ನು ಗೂಢಲಿಪಿಗೆ ಬದಲಿಸುವ ವಿಧಾನ, ಒಂದೂ ಇಲ್ಲ.

ಸ್ವಿಚ್ಚಿಗೆ ಏನೇನು ಬರುತ್ತದೆ ಅಂತ ಮೊದಲು ಎನ್‌ಮ್ಯಾಪ್ ಎಂಬ ನೆಟ್‌ವರ್ಕ್ ಪರೀಕ್ಷಿಸುವ ಸಾಫ್ಟ್‌ವೇರ್‌ನಿಂದ ನೋಡಿದೆ. ಸುರಕ್ಷಿತ ಸಂಪರ್ಕದ ನಿಯಮಾವಳಿಯಾದ ಟಿಎಲ್‌ಎಸ್‌ನ ಹಳೆಯ ಆವೃತ್ತಿ 1.0 ಮಾತ್ರ. ಅದರಲ್ಲಿ ಎರಡೇ ಸೈಫರ್: ಆರ್‌ಸಿ4 ಮತ್ತು ಟ್ರಿಪಲ್ ಡಿಇಎಸ್. ಆರ್‌ಸಿ4 ಅನ್ನು ಫೈರ್‌ಫಾಕ್ಸ್ 2016ರಲ್ಲೇ ಕೈಬಿಟ್ಟಿದೆ. ಉಳಿದದ್ದು ಟ್ರಿಪಲ್ ಡಿಇಎಸ್.

ಫೈರ್‌ಫಾಕ್ಸ್‌ನ ಒಳಗಿನ ಸೆಟ್ಟಿಂಗ್‌ಗಳ ಪುಟವಾದ ಎಬೌಟ್ ಕಾನ್ಫಿಗ್ ತೆರೆದು, ಟ್ರಿಪಲ್ ಡಿಇಎಸ್ ಆನ್ ಮಾಡಲು ನಾನು ಹಿಂದೆ ಬರೆದಿಟ್ಟುಕೊಂಡಿದ್ದ ಸೆಟ್ಟಿಂಗ್ ಹೆಸರನ್ನು ಪೂರ್ತಿ ಹಾಕಿ ಹುಡುಕಿದೆ. ಇಲ್ಲ. ಹೊಸದಾಗಿ ಸೇರಿಸಲು ಪಕ್ಕದಲ್ಲಿ ಪ್ಲಸ್ ಗುರುತು ಇತ್ತು. ಸೇರಿಸಿ, ‘ಟ್ರೂ’ ಮಾಡಿ, ಬ್ರೌಸರ್ ಮುಚ್ಚಿ ತೆರೆದೆ. ಅದೇ ಎರರ್! ನನ್ನ ಅರ್ಧ ದಿನ ಹೋಗಿದ್ದು ಇಲ್ಲೇ. ಆ ಪುಟದಲ್ಲಿ ನಾವು ಯಾವ ಹೆಸರು ಕೊಟ್ಟರೂ ಅದು ಉಳಿಸಿಕೊಳ್ಳುತ್ತದೆ. ಆದರೆ ಬ್ರೌಸರ್ ಓದುವುದು ತನಗೆ ಗೊತ್ತಿರುವ ಹೆಸರುಗಳನ್ನು ಮಾತ್ರ. ನಾನು ಸೇರಿಸಿದ್ದು ಸುಮ್ನೆ ಅಲ್ಲಿ ಕೂತಿತ್ತು, ಅಷ್ಟೇ.

ಆಮೇಲೆ ಪೂರ್ತಿ ಹೆಸರು ಬಿಟ್ಟು ಅದರ ಒಂದು ತುಣುಕಾದ ‘ಇಡಿಇ3’ ಅಂತ ಮಾತ್ರ ಇಂಗ್ಲಿಷ್‌ನಲ್ಲಿ ಹುಡುಕಿದೆ. ಸಿಕ್ಕಿತು! ಹಳೆಯ ಹೆಸರಿನ ನಡುವೆ ‘ಡೆಪ್ರಿಕೇಟೆಡ್’ ಎಂಬ ಪದ ಸೇರಿಕೊಂಡಿತ್ತು. 2021ರ ಅಕ್ಟೋಬರ್‌ನಲ್ಲಿ ಬಂದ 93ನೇ ಆವೃತ್ತಿಯಿಂದ ಈ ಸೈಫರ್ ತಾನಾಗಿ ನಡೆಯುವುದಿಲ್ಲ. ಹಳೆಯ ಟಿಎಲ್‌ಎಸ್‌ಗೂ ಅನುಮತಿ ಕೊಟ್ಟರೆ ಮಾತ್ರ ಕೆಲಸ ಮಾಡುತ್ತದೆ. ಇದು ಸರಿಯಾದ ಕ್ರಮವೇ. 2016ರ ‘ಸ್ವೀಟ್32’ ದಾಳಿ ಟ್ರಿಪಲ್ ಡಿಇಎಸ್‌ನ ದೌರ್ಬಲ್ಯವನ್ನು ತೋರಿಸಿಕೊಟ್ಟಿತ್ತು, ಅಲ್ವಾ?

ಹಾಗಾಗಿ ದಿನಾ ಬ್ಯಾಂಕಿಂಗ್ ಮಾಡುವ ಪ್ರೊಫೈಲ್ (ಬ್ರೌಸರ್‌ನ ಸೆಟ್ಟಿಂಗ್‌ಗಳ ಪ್ರತ್ಯೇಕ ಗುಂಪು) ಮುಟ್ಟಲಿಲ್ಲ. ಎಬೌಟ್ ಪ್ರೊಫೈಲ್ಸ್‌ನಲ್ಲಿ ಬೇರೆಯೇ ಒಂದು ಪ್ರೊಫೈಲ್ ಮಾಡಿದೆ. ಲ್ಯಾಪ್‌ಟಾಪ್‌ನ ವೈಫೈ ಆರಿಸಿ, ಸ್ವಿಚ್ಚಿಗೆ ನೇರ ಕೇಬಲ್ ಹಾಕಿದೆ. ಹೊಸ ಪ್ರೊಫೈಲಿನಲ್ಲಿ ‘ಟಿಎಲ್‌ಎಸ್ ವರ್ಷನ್ ಎನೇಬಲ್ ಡೆಪ್ರಿಕೇಟೆಡ್’ ಅನ್ನು ಟ್ರೂ ಮಾಡಿ, ‘ಟಿಎಲ್‌ಎಸ್ ವರ್ಷನ್ ಮಿನ್’ ಅನ್ನು 3ರಿಂದ (ಟಿಎಲ್‌ಎಸ್ 1.2) 1ಕ್ಕೆ (ಟಿಎಲ್‌ಎಸ್ 1.0) ಇಳಿಸಿದೆ. ಸರ್ಟಿಫಿಕೇಟ್ ಎಚ್ಚರಿಕೆ ದಾಟಿದ ಮೇಲೆ ಲಾಗಿನ್ ಪುಟ ಬಂತು.

ಒಳಗೆ ಹೋದವನು ಮೊದಲು ಮಾಡಿದ್ದು ಫರ್ಮ್‌ವೇರ್, ಅಂದರೆ ಸ್ವಿಚ್ಚಿನ ಒಳಗಿನ ಸಾಫ್ಟ್‌ವೇರ್, ಅಪ್‌ಡೇಟ್. ತಯಾರಕರ ಕೊನೆಯ ಫರ್ಮ್‌ವೇರ್‌ನಲ್ಲಿ ಟಿಎಲ್‌ಎಸ್ 1.2 ಇತ್ತು. ಅದನ್ನು ಹಾಕಿದ ಮೇಲೆ ನನ್ನ ಮಾಮೂಲಿ ಪ್ರೊಫೈಲಿನಲ್ಲೇ ಪುಟ ತೆರೆದುಕೊಂಡಿತು. ಆ ತಾತ್ಕಾಲಿಕ ಪ್ರೊಫೈಲನ್ನು ಅವತ್ತೇ ಅಳಿಸಿಹಾಕಿದೆ.