ತೋಟದ ಮನೆಗೆ ಎಲೆಕ್ಟ್ರಿಕ್ ಕಾರು: ಪ್ಲಗ್ಗಿನಿಂದ ಘಾಟಿಯವರೆಗೆ ನೋಡಿಕೊಳ್ಳಬೇಕಾದ್ದು

ಮೂಡಿಗೆರೆ, ಆಲ್ದೂರು, ಬೇಲೂರು ಕಡೆಯ ತೋಟದ ಮನೆಗಳಲ್ಲಿ ವೈರಿಂಗು, ಪಂಪ್‌ಸೆಟ್ ಕೆಲಸ ಮಾಡಿಕೊಂಡು ಬಂದವನು ನಾನು. ಈಚೆಗೆ ಫೋನ್ ಬಂದರೆ ಕಾರು ಚಾರ್ಜ್ ಮಾಡುವ ಪಾಯಿಂಟಿನ ವಿಷಯವೇ ಹೆಚ್ಚು. ಕೆಲಸ ಮುಗಿಸಿ ಸಾಮಾನು ಚೀಲಕ್ಕೆ ಹಾಕುವಾಗ ಮನೆಯ ಹಿರಿಯರು ಯಾರಾದರೂ ಬಂದು ಕೇಳುತ್ತಾರೆ: "ಇದು ಹೊತ್ತಿಕೊಳ್ಳಲ್ಲ ತಾನೇ ಮಾರಾಯಾ?"

ಹೊತ್ತಿಕೊಳ್ಳುವುದು ಅಪರೂಪ. ಸ್ವೀಡನ್ ದೇಶದ 2022ರ ಲೆಕ್ಕದಲ್ಲಿ ಸುಮಾರು 6,11,000 ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳ ಪೈಕಿ ಬೆಂಕಿ ಬಿದ್ದದ್ದು 23ಕ್ಕೆ. ಪೆಟ್ರೋಲ್, ಡೀಸೆಲ್ ಗಾಡಿಗಳು 44 ಲಕ್ಷ, ಬೆಂಕಿ ಸುಮಾರು 3,400. ಆದರೆ ಬ್ಯಾಟರಿಗೆ ಹತ್ತಿದ ಬೆಂಕಿ ಬೇರೆ ಜಾತಿಯದು. ಒಂದು ಸೆಲ್ ಒಳಗೆ ಶಾರ್ಟ್ ಆಗಿ ಕಾದರೆ ಪಟಾಕಿ ಸರದ ಹಾಗೆ ಪಕ್ಕದ್ದಕ್ಕೂ ದಾಟುತ್ತದೆ. ಹೊರಗಿನಿಂದ ಪುಡಿ, ಮರಳು, ಗೋಣಿ ಏನು ಹಾಕಿದರೂ ಒಳಗಿನ ಕಾವು ಇಳಿಯುವುದಿಲ್ಲ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ: ಆರಿಸುವ ಯೋಚನೆ ನಿಮಗೆ ಬೇಡ, ಹೊತ್ತದ ಹಾಗೆ ನೋಡಿಕೊಳ್ಳಿ, ಹೊತ್ತಿದರೆ ಜನ ಹೊರಗೆ ಬರುವ ದಾರಿ ಮೊದಲೇ ಗೊತ್ತಿರಲಿ.

ಪ್ಲಗ್ಗಿನಿಂದ ಶುರು ಮಾಡುತ್ತೇನೆ, ಏಕೆಂದರೆ ನಾನು ಕಣ್ಣಾರೆ ನೋಡುವ ಅಪಾಯ ಹೆಚ್ಚಾಗಿ ಅಲ್ಲೇ ಇದೆ. ಕಾರಿನ ಜೊತೆ ಕೊಡುವ 16 ಆಂಪ್ ಚಾರ್ಜರ್ ಮೂರು ಕಿಲೋವ್ಯಾಟ್ ಮೀರಿ ಎಳೆಯುತ್ತದೆ. ಗೀಸರೂ ಹೆಚ್ಚುಕಡಿಮೆ ಅಷ್ಟೇ ಎಳೆಯುತ್ತದೆ ಅನ್ನಬಹುದು, ಆದರೆ ಗೀಸರ್ ಕಾಲು ಗಂಟೆಯಲ್ಲಿ ಕಟ್ ಆಗುತ್ತದೆ. ಕಾರು ರಾತ್ರಿಯಿಡೀ ಎಳೆಯುತ್ತದೆ. ಸಾಕೆಟ್ಟಿನ ಹಿಂದೆ ಒಂದು ಸ್ಕ್ರೂ ಸಡಿಲವಿದ್ದರೂ ಸಾಕು, ಬೆಳಗಾಗುವಷ್ಟರಲ್ಲಿ ಅದು ಕಪ್ಪಾಗಿರುತ್ತದೆ. ಬೆಂಕಿ ಅಲ್ಲಿಂದ ಶುರುವಾದರೂ ಊರವರು ಹೇಳುವುದು ಕಾರು ಸುಟ್ಟುಹೋಯಿತು ಎಂದೇ.

ಆದ್ದರಿಂದ ಕಾರಿಗೆ ಮೀಟರ್ ಬೋರ್ಡಿನಿಂದಲೇ ಬೇರೆ ಲೈನ್ ಎಳೆಸಿ. 16 ಆಂಪ್ ಪಾಯಿಂಟಿಗೆ 4 ಚದರ ಮಿಲಿಮೀಟರ್ ತಾಮ್ರದ ವೈರು, ಅದಕ್ಕೆಂದೇ ಒಂದು ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್), 30 ಮಿಲಿ ಆಂಪಿನ ಟೈಪ್ ಎ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್). ಗೋಡೆಗೆ ಕೂರಿಸುವ ಏಳು ಕಿಲೋವ್ಯಾಟಿನ ಚಾರ್ಜರ್ ಆದರೆ ವೈರು 6 ಚದರ ಮಿಲಿಮೀಟರ್ ಬೇಕು. ಕಣದಿಂದ ಮನೆಯವರೆಗೆ ವೈರು ಉದ್ದವಿದ್ದರೆ ಇನ್ನೂ ದಪ್ಪ ಹಾಕಬೇಕಾಗುತ್ತದೆ. ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಕಾರು ಚಾರ್ಜ್ ಮಾಡಲೇಬೇಡಿ. ಹೊಸ ಪಾಯಿಂಟ್ ಹಾಕಿಸಿದ ಮೊದಲ ರಾತ್ರಿ ಒಂದು ಗಂಟೆ ಚಾರ್ಜ್ ಆದ ಮೇಲೆ ಪ್ಲಗ್ಗಿನ ಮೈಯನ್ನು ಕೈಯಲ್ಲಿ ಮುಟ್ಟಿ ನೋಡಿ. ಬೆಚ್ಚಗಿರಬಹುದು. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಎಂಸಿಬಿ ಇಳಿಸಿ, ಕೆಲಸದವನನ್ನು ಮತ್ತೆ ಕರೆಸಿ.

ಇನ್ನು ಅರ್ಥಿಂಗ್. ಅರ್ಥ್ ಸರಿಯಿಲ್ಲದಿದ್ದರೆ ಒಳ್ಳೆಯ ಚಾರ್ಜರ್ ಕೆಂಪು ದೀಪ ತೋರಿಸಿ ಚಾರ್ಜ್ ಮಾಡಲು ಒಪ್ಪುವುದಿಲ್ಲ. ಆಗ ಕೆಲವರು ಸಾಕೆಟ್ಟಿನಲ್ಲೇ ನ್ಯೂಟ್ರಲ್‌ನಿಂದ ಒಂದು ತುಂಡು ವೈರು ತಂದು ಅರ್ಥ್ ಪಿನ್ನಿಗೆ ಕೊಟ್ಟುಬಿಡುತ್ತಾರೆ. ದೀಪ ಹಸಿರಾಗುತ್ತದೆ, ಎಲ್ಲರಿಗೂ ಸಮಾಧಾನ. ಇದನ್ನು ನಿಮ್ಮ ಮನೆಯಲ್ಲಿ ಯಾರಿಗೂ ಮಾಡಲು ಬಿಡಬೇಡಿ. ಮಳೆಗಾಲದಲ್ಲಿ ಕೊಂಬೆ ಬಿದ್ದು ನ್ಯೂಟ್ರಲ್ ಕಡಿದುಹೋದರೆ ಕಾರಿನ ಇಡೀ ಮೈಗೆ ಕರೆಂಟ್ ಬರುತ್ತದೆ, ಒದ್ದೆ ಅಂಗಳದಲ್ಲಿ ನಿಂತು ಬಾಗಿಲು ಮುಟ್ಟುವುದು ನಿಮ್ಮ ಮನೆಯ ಮಗುವೇ ಇರಬಹುದು. ಬೇರೆ ಅರ್ಥ್ ಗುಂಡಿ ತೋಡಿಸಿ, ಅರ್ಥ್ ಅಳೆಯುವ ಮೆಗ್ಗರಿನಲ್ಲಿ ಅಳೆಸಿ, 5 ಓಮ್‌ಗಿಂತ ಕೆಳಗೆ ಬರಲಿ. ನಮ್ಮ ಗುಡ್ಡದ ಕಲ್ಲುನೆಲ ಮಾರ್ಚ್, ಏಪ್ರಿಲ್‌ನಲ್ಲಿ ಒಣಗಿಬಿಡುತ್ತದೆ, ಆಗ ಗುಂಡಿಗೆ ಆಗಾಗ ನೀರು ಹೊಯ್ಯಿರಿ. ಹೂಮಳೆಯ ಗುಡುಗು ಶುರುವಾದರೆ ಪ್ಲಗ್ಗನ್ನೇ ತೆಗೆದಿಡಿ.

ಗಾಡಿ ನಿಲ್ಲಿಸುವ ಜಾಗದ ಬಗ್ಗೆ ಒಂದು ಮಾತು. ಕಾಫಿ ಮೂಟೆ, ಕಳೆ ಹೊಡೆಯುವ ಮಷೀನಿನ ಪೆಟ್ರೋಲ್ ಕ್ಯಾನು, ಗ್ಯಾಸ್ ಸಿಲಿಂಡರ್ ಇರುವ ಶೆಡ್ಡಿನಲ್ಲಿ ಚಾರ್ಜ್ ಮಾಡಬೇಡಿ. ಮನೆಯಿಂದ ಹೊರಬರುವ ಒಂದೇ ಬಾಗಿಲಿನ ಮುಂದೆಯೂ ಬೇಡ. ಮೂರು ಕಡೆ ತೆರೆದ ಚಾವಣಿ ಸಾಕು.

ಕಾರು ಕೊಳ್ಳುವವರಿದ್ದರೆ ಎರಡು ವಿಷಯ ಕೇಳಿ. ಬ್ಯಾಟರಿ ಎಲ್‌ಎಫ್‌ಪಿಯೋ (ಲಿಥಿಯಂ, ಕಬ್ಬಿಣ, ಫಾಸ್ಫೇಟಿನದು) ಎನ್‌ಎಂಸಿಯೋ (ನಿಕಲ್, ಮ್ಯಾಂಗನೀಸ್, ಕೋಬಾಲ್ಟಿನದು) ಎನ್ನುವುದು ಒಂದು. ಎಲ್‌ಎಫ್‌ಪಿ ಕೆರಳಲು ಹೆಚ್ಚು ಶಾಖ ಬೇಕು, ಹಾಗಾಗಿ ನನ್ನ ಒಲವು ಆ ಕಡೆಗೆ. ಇನ್ನೊಂದು, 2023ರ ಅಕ್ಟೋಬರ್‌ನಿಂದ ಜಾರಿಗೆ ಬಂದ, ಡಿಕ್ಕಿ ಹೊಡೆಸಿ ಕಾರಿನ ಸುರಕ್ಷತೆ ಅಳೆಯುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಅದಕ್ಕೆ ಎಷ್ಟು ಸ್ಟಾರ್ ಸಿಕ್ಕಿದೆ ಎನ್ನುವುದು. ದೊಡ್ಡವರ ಅಂಕದ ಜೊತೆ ಮಕ್ಕಳ ಅಂಕವನ್ನೂ ನೋಡಿ. ಟಾಟಾ ಪಂಚ್ ಇವಿ, ನೆಕ್ಸಾನ್ ಇವಿ, ಮಹೀಂದ್ರಾ ಬಿಇ 6 ಐದು ಸ್ಟಾರ್ ಪಡೆದಿವೆ.

ಇನ್ನು ಘಾಟಿ. ಮಂಗಳೂರಿಗೆ ಹೊರಡುವ ಹಿಂದಿನ ರಾತ್ರಿ ನೂರಕ್ಕೆ ನೂರು ಚಾರ್ಜ್ ಮಾಡಿಕೊಳ್ಳುವುದು ಸಹಜ, ಆದರೆ ಇಳಿಜಾರಿಗೆ ಅದು ಒಳ್ಳೆಯದಲ್ಲ. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. 1,600 ಕೆಜಿಯ ಗಾಡಿ 800 ಮೀಟರ್ ಕೆಳಗಿಳಿಯುವಾಗ ಸುಮಾರು ಮೂರೂವರೆ ಯೂನಿಟ್ ಕರೆಂಟಿಗೆ ಸಮನಾದ ಶಕ್ತಿಯನ್ನು ಎಲ್ಲಾದರೂ ಇಳಿಸಲೇಬೇಕು. ಬ್ಯಾಟರಿಯಲ್ಲಿ ಜಾಗವಿದ್ದರೆ ಮೋಟರೇ ಗಾಡಿಯನ್ನು ಹಿಡಿದು ಅದರಲ್ಲಿ ಬಹುಪಾಲನ್ನು ಬ್ಯಾಟರಿಗೆ ಕಳಿಸುತ್ತದೆ. ಇದಕ್ಕೆ ರೀಜೆನ್ ಎನ್ನುತ್ತಾರೆ. ಬ್ಯಾಟರಿ ತುಂಬಿದ್ದರೆ ರೀಜೆನ್ ಕೆಲಸ ಮಾಡುವುದಿಲ್ಲ ಅಥವಾ ಸೊರಗುತ್ತದೆ, ಭಾರವೆಲ್ಲ ಬ್ರೇಕ್ ಪ್ಯಾಡಿನ ಮೇಲೆ. ಶಿರಾಡಿಯಾಗಲಿ ಚಾರ್ಮಾಡಿಯಾಗಲಿ, ಎಂಬತ್ತು, ಎಂಬತ್ತೈದಕ್ಕೆ ನಿಲ್ಲಿಸಿ ಹೊರಡಿ. ಮಂಜು, ಮಳೆ ಇದ್ದಾಗ ಇದು ಇನ್ನೂ ಮುಖ್ಯ, ಏಕೆಂದರೆ ಬ್ಯಾಟರಿಯ ಭಾರಕ್ಕೆ ಗಾಡಿ ನೀವು ಅಂದುಕೊಂಡಲ್ಲಿ ನಿಲ್ಲದೆ ಮುಂದೆ ಹೋಗುತ್ತದೆ.

ಹೊರಡುವ ಮುಂಚೆ ಮನೆಯಂಗಳದಲ್ಲೇ ಇನ್ನೊಂದು ಕೆಲಸ ಮಾಡಿ. ಕಾರಿನ ಬಾಗಿಲು, ಕಿಟಕಿಗಳ ಸ್ವಿಚ್ಚಿಗೆ ಕರೆಂಟ್ ಬರುವುದು 12 ವೋಲ್ಟಿನ ಸಣ್ಣ ಬ್ಯಾಟರಿಯಿಂದ. ಅಪಘಾತದಲ್ಲಿ ಅದು ಕಡಿದುಹೋದರೆ ಬಟನ್ ಒತ್ತಿ ಪ್ರಯೋಜನವಿಲ್ಲ. ಕೈಯಲ್ಲಿ ಎಳೆದು ತೆಗೆಯುವ ಹಿಡಿ ಎಲ್ಲಿದೆ, ಹಿಂದಿನ ಸೀಟಿನಲ್ಲೂ ಇದೆಯೇ ಎಂದು ಹುಡುಕಿ, ಮನೆಯವರೆಲ್ಲರಿಂದ, ಅಜ್ಜಿಯಿಂದಲೂ, ಒಮ್ಮೆ ಎಳೆಸಿ. ಚೈಲ್ಡ್ ಲಾಕ್ ಹಾಕಿದ್ದರೆ ಹಿಂದಿನವರು ಒಳಗಿನಿಂದ ತೆಗೆಯಲಾರರು, ಮುಂದಿನವರೇ ಹೊರಗಿಳಿದು ತೆಗೆಯಬೇಕು. ಅದನ್ನು ಯಾರು ಮಾಡುತ್ತಾರೆ ಎಂದು ಮೊದಲೇ ಮಾತಾಡಿಕೊಳ್ಳಿ. ಗಾಜು ಒಡೆಯುವ, ಬೆಲ್ಟ್ ಕತ್ತರಿಸುವ ಸಣ್ಣ ಸುತ್ತಿಗೆ ಡ್ರೈವರ್ ಕೈಗೆ ಎಟುಕುವಲ್ಲಿರಲಿ.

ನಮ್ಮಲ್ಲಿ 2023ರ ಮಾರ್ಚ್ 31ರಿಂದ ಪೂರ್ತಿಯಾಗಿ ಜಾರಿಗೆ ಬಂದ, ಎಲೆಕ್ಟ್ರಿಕ್ ಗಾಡಿಗಳ ಸುರಕ್ಷತೆಯ ಎಐಎಸ್-038 ನಿಯಮದ ಪ್ರಕಾರ, ಒಂದು ಸೆಲ್ ಕೆರಳಿ ಬೆಂಕಿ ಹರಡುವ ಹಾಗಿದ್ದರೆ ಒಳಗಿರುವವರಿಗೆ ಅಪಾಯ ತಟ್ಟುವ ಐದು ನಿಮಿಷ ಮುಂಚೆ ಕಾರು ಎಚ್ಚರಿಕೆ ಕೊಡಬೇಕು. ಆ ಐದು ನಿಮಿಷ ಇರುವುದು ಇಳಿಯುವುದಕ್ಕೆ. ಬ್ಯಾಗು, ಮೊಬೈಲ್ ಚಾರ್ಜರ್, ಡಿಕ್ಕಿಯಲ್ಲಿನ ಸಾಮಾನಿಗಲ್ಲ. ಎಚ್ಚರಿಕೆ ಬಂದರೆ, ಇಲ್ಲವೇ ಸೀಟಿನಡಿಯಿಂದ ಬುಸ್ ಎನ್ನುವ, ಪಟಪಟ ಸಿಡಿಯುವ ಸದ್ದು, ಬಿಳಿ ಅಥವಾ ಬೂದು ಹೊಗೆ ಕಂಡರೆ, ಗಾಡಿ ಬದಿಗೆ ಹಾಕಿ, ಪಾರ್ಕಿಗೆ ತಂದು ಆಫ್ ಮಾಡಿ ಎಲ್ಲರನ್ನೂ ಇಳಿಸಿ. ಸದ್ದಿಲ್ಲ ಎಂದರೆ ಆಫ್ ಆಗಿದೆ ಎಂದಲ್ಲ, ಡಿಸ್‌ಪ್ಲೇ ನೋಡಿ. ಗಾಳಿ ಬೀಸಿ ಬರುವ ದಿಕ್ಕಿಗೆ ಕನಿಷ್ಠ 30 ಮೀಟರ್ ಹೋಗಿ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್, ಕಾರ್ಬನ್ ಮಾನಾಕ್ಸೈಡ್ ಇರುತ್ತವೆ, ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ.

ಡಿಕ್ಕಿಯಾಗಿ ಏರ್‌ಬ್ಯಾಗ್ ತೆರೆದರೆ ಕಾರು ತಾನೇ ಹೈವೋಲ್ಟೇಜ್ ಕಡಿದುಕೊಳ್ಳುತ್ತದೆ. ಹಾಗೆಂದು ಬ್ಯಾಟರಿಯೊಳಗಿನ ಕರೆಂಟ್ ಎಲ್ಲೂ ಹೋಗಿರುವುದಿಲ್ಲ. ಕಿತ್ತಳೆ ಬಣ್ಣದ ವೈರು ಕಂಡರೆ ಮುಟ್ಟಬೇಡಿ, ಸಹಾಯಕ್ಕೆ ಬಂದವರಿಗೂ ಕೂಗಿ ಹೇಳಿ. 112ಕ್ಕೆ ಕರೆ ಮಾಡಿದಾಗ ಇದು ಎಲೆಕ್ಟ್ರಿಕ್ ಕಾರು ಎಂದು ಮೊದಲ ಮಾತಿನಲ್ಲೇ ಹೇಳಿ, ಮಾಡೆಲ್ ಹೆಸರನ್ನೂ ಹೇಳಿ. ಚಾರ್ಮಾಡಿಯಲ್ಲಿ ಸಿಗ್ನಲ್ ಸಿಗದ ತಿರುವುಗಳಿವೆ, ಅಲ್ಲಾದರೆ ಮೇಲೆ ಹೋಗುವ ಗಾಡಿ ನಿಲ್ಲಿಸಿ ಕೊಟ್ಟಿಗೆಹಾರಕ್ಕೆ ಸುದ್ದಿ ಕಳಿಸಿ. ಟೆಸ್ಲಾ ಕಂಪನಿ ತನ್ನ ಕಾರಿನ ಬ್ಯಾಟರಿ ತಣಿಸಲು ಸುಮಾರು 11,000ದಿಂದ 30,000 ಲೀಟರ್ ನೀರು ಬೇಕಾಗಬಹುದು ಎಂದು ಅಗ್ನಿಶಾಮಕದವರಿಗೆ ಬರೆದುಕೊಟ್ಟಿದೆ. ಮುಂಚೆಯೇ ಗೊತ್ತಾದರೆ ಅವರು ಎರಡನೇ ಗಾಡಿ ಹೊರಡಿಸಬಹುದು. ತೋಟದಲ್ಲೇ ಹೊತ್ತಿದರೆ ನಿಮ್ಮ ಸ್ಪ್ರಿಂಕ್ಲರ್ ಪಂಪು ದೊಡ್ಡ ಸಹಾಯ, ಆದರೆ ಅವರು ಬರುವವರೆಗೆ ದೂರದಿಂದ ಮನೆ, ಶೆಡ್ಡಿನ ಗೋಡೆ ಒದ್ದೆ ಮಾಡುವುದಕ್ಕೆ ಮಾತ್ರ.

ಗಾಡಿಯ ಹೊಟ್ಟೆಗೆ ಕಲ್ಲು ತಾಗುವುದು ನಮ್ಮ ಎಸ್ಟೇಟ್ ರಸ್ತೆಗಳಲ್ಲಿ ದಿನದ ಮಾತು. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2013ರಲ್ಲಿ ಅಮೆರಿಕದಲ್ಲಿ ರಸ್ತೆಯಲ್ಲಿ ಬಿದ್ದಿದ್ದ ಲೋಹದ ತುಂಡು ಟೆಸ್ಲಾ ಮಾಡೆಲ್ ಎಸ್ ಒಂದರ ಬ್ಯಾಟರಿಗೆ ಹೊಕ್ಕು ಬೆಂಕಿ ಬಿತ್ತು. ಮರುವರ್ಷ ಕಂಪನಿ ಕೆಳಗೆ ಟೈಟಾನಿಯಂ ತಗಡು ಸೇರಿಸಿತು. ಜೋರಾಗಿ ತಾಗಿದ್ದರೆ ಸರ್ವಿಸ್ ಸೆಂಟರಿನಲ್ಲಿ ಗಾಡಿ ಎತ್ತಿಸಿ, ಬ್ಯಾಟರಿ ಪೆಟ್ಟಿಗೆ ತಗ್ಗಾಗಿದೆಯೇ, ಕೂಲಂಟ್ ಸೋರಿದೆಯೇ ನೋಡಿಸಿ.

ಪೆಟ್ಟು ತಿಂದ ಗಾಡಿ ಅಂದೇ ಹೊತ್ತಬೇಕೆಂದಿಲ್ಲ. 2011ರಲ್ಲಿ ಅಮೆರಿಕದ ಸರ್ಕಾರವೇ ಪರೀಕ್ಷೆಗೆಂದು ಡಿಕ್ಕಿ ಹೊಡೆಸಿದ ಶೆವ್ರೊಲೆ ವೋಲ್ಟ್ ಕಾರಿಗೆ ಬೆಂಕಿ ಬಿದ್ದದ್ದು ಮೂರು ವಾರದ ಮೇಲೆ, ಅಂಗಳದಲ್ಲಿ ನಿಂತಿದ್ದಾಗ. ಅಪಘಾತವಾದ ಕಾರನ್ನು ಹಗ್ಗ ಕಟ್ಟಿ ಎಳೆಯದೆ, ನಾಲ್ಕೂ ಚಕ್ರ ಮೇಲಿರುವ ಫ್ಲಾಟ್‌ಬೆಡ್ ಗಾಡಿಯಲ್ಲೇ ಸಾಗಿಸಿ. ಗ್ಯಾರೇಜಿನವರಿಗೆ ಹೇಳಿ ಬೇರೆ ಗಾಡಿ, ಕಟ್ಟಡಗಳಿಂದ 15 ಮೀಟರ್ ದೂರ ಬಯಲಿನಲ್ಲಿ ನಿಲ್ಲಿಸಿ. ಕಂಪನಿಯವರು ಬ್ಯಾಟರಿ ಪರೀಕ್ಷೆ ಮಾಡಿ ಬರೆದುಕೊಡುವವರೆಗೆ, ಚೆನ್ನಾಗೇ ಓಡುತ್ತಿದೆ ಅನ್ನಿಸಿದರೂ, ಅದನ್ನು ಮನೆಯ ಪ್ಲಗ್ಗಿಗೆ ಹಾಕಬೇಡಿ.