ಅಪಾರ ಎಂದು ಬರೆಯುವುದನ್ನು ಬಿಟ್ಟೆ

2023ರ ಮೇ ಕೊನೆಯ ದಿನ, ಮೇಜಿನ ಖಾನೆಯಲ್ಲಿದ್ದ ಎರಡು ನಿಘಂಟು, ಒಂದು ಛತ್ರಿ, ಒಂದು ಸ್ಟೀಲ್ ಲೋಟವನ್ನು ಚೀಲಕ್ಕೆ ಹಾಕಿಕೊಂಡು ಪತ್ರಿಕೆಯ ಕಚೇರಿಯ ಮೆಟ್ಟಿಲಿಳಿದೆ. ಜಿಲ್ಲಾ ಪುಟಗಳನ್ನು ಇನ್ನು ಮುಂದೆ ಬೇರೆ ಊರಿನಲ್ಲಿ ಕಟ್ಟುತ್ತಾರೆ, ಮಡಿಕೇರಿಯಲ್ಲಿ ಉಪಸಂಪಾದಕರು ಬೇಕಿಲ್ಲ ಎಂದು ತೀರ್ಮಾನವಾಗಿತ್ತು. ಹನ್ನೊಂದು ವರ್ಷ ಏಳು ತಿಂಗಳು ನಾನು ಮಾಡಿದ್ದು ಅದೊಂದೇ ಕೆಲಸ. ಮನೆಗೆ ಬಂದಾಗ ಅವ್ವ ಏನನ್ನೂ ಕೇಳಲಿಲ್ಲ. ಲೋಟವನ್ನು ತೊಳೆದು ಅಡುಗೆಮನೆಯ ಹಲಗೆಯ ಮೇಲೆ ಉಳಿದ ಲೋಟಗಳ ಜೊತೆಗೆ ಇಟ್ಟಳು.

ಕೆಲಸವಿದ್ದಾಗ ಬರೆಯಲು ಬಿಡುವಿಲ್ಲ ಎಂದು ಕೊರಗುತ್ತಿದ್ದವಳು ನಾನು. ಅರ್ಧಕ್ಕೆ ನಿಂತ ಒಂಬತ್ತು ಕಥೆಗಳಿದ್ದವು. ಈಗ ಇಡೀ ದಿನ ನನ್ನದೇ ಆಯಿತು. ಆದರೆ ಜೂನ್ ಕಳೆದರೂ ಒಂದು ಸಾಲು ಬರೆಯಲಾಗಲಿಲ್ಲ. ಸಂಜೆ ಐದಾದರೆ ಕೈ ತಾನಾಗಿ ಫೋನಿನತ್ತ ಹೋಗುತ್ತಿತ್ತು. ಸೋಮವಾರಪೇಟೆಯಿಂದ, ವಿರಾಜಪೇಟೆಯಿಂದ ಸುದ್ದಿ ಬರುವ ಹೊತ್ತು ಅದು. ಏನೂ ಬರುತ್ತಿರಲಿಲ್ಲ. ಆ ವರ್ಷ ಮಳೆಯೂ ತಡವಾಯಿತು.

ಬರವಣಿಗೆ ಕೈಗೆ ಹತ್ತದಿದ್ದಾಗ ಕಾಗದಪತ್ರ ಹಿಡಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಬರೆಯುವವರು ತಮ್ಮ ಲೆಕ್ಕವನ್ನು ತಾವು ಓದುವುದಿಲ್ಲ. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಸಿಗುವ ಹಣ, ಅದರ ಲೆಕ್ಕ ಆಗ ಸರಳವಿತ್ತು: ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕಿತ್ತು. ನನ್ನದು ಎರಡೂ ಸೇರಿ 15,600 ರೂಪಾಯಿ. ವರ್ಷಕ್ಕೆ 9,000 ಆಯಿತು. ಲೆಕ್ಕ ವಿಭಾಗದವರು 11 ವರ್ಷ ಹಿಡಿದು 99,000 ಎಂದು ಬರೆದಿದ್ದರು. ಆರು ತಿಂಗಳು ಮೀರಿದ ಸೇವೆಯನ್ನು ಪೂರ್ತಿ ವರ್ಷವೆಂದು ಎಣಿಸಬೇಕು ಎಂದು ಕಾನೂನಿನಲ್ಲಿದೆ. ಅರ್ಧ ಪುಟದ ಪತ್ರ ಬರೆದೆ. ಹದಿನೆಂಟು ದಿನಕ್ಕೆ 1,08,000 ಖಾತೆಗೆ ಬಂತು. ಹೆಚ್ಚಿಗೆ ಬಂದ ಆ ಒಂಬತ್ತು ಸಾವಿರ ನಮ್ಮ ಮನೆಯ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ. ಭವಿಷ್ಯ ನಿಧಿಯ ಹಣದಲ್ಲಿ ಮುಕ್ಕಾಲು ಪಾಲನ್ನು ಒಂದು ತಿಂಗಳು ಕಾದು ತೆಗೆಯುವ ಅವಕಾಶ ಆಗ ಇತ್ತು. ನಾನು ತೆಗೆಯಲಿಲ್ಲ. ಅದು ಮಗಳ ಕಾಲೇಜಿಗೆ ಎಂದು ನಾನೂ ನನ್ನವರೂ ಮೊದಲೇ ಮಾತಾಡಿಕೊಂಡಿದ್ದೆವು.

ನನ್ನವರು ಮಾಂದಲಪಟ್ಟಿಗೆ ಪ್ರವಾಸಿಗರನ್ನು ಕರೆದೊಯ್ಯುವ ಜೀಪ್ ಓಡಿಸುತ್ತಾರೆ. ಮಳೆ ಬಿದ್ದು ಗುಡ್ಡದ ದಾರಿ ಕೆಟ್ಟರೆ ಅವರಿಗೂ ದುಡಿಮೆಯಿಲ್ಲ. ಹಾಗಾಗಿ ಜುಲೈ ಬಂದಾಗ ಮನೆಯಲ್ಲಿ ಇಬ್ಬರೂ ಕುಳಿತಿದ್ದೆವು. ಶುಕ್ರವಾರದ ಸಂತೆಗೆ ನಾನು ಸಂಜೆ ಹೋಗತೊಡಗಿದೆ. ಕಣಿಲೆ ಎಂಬ ಎಳೆ ಬಿದಿರು, ಕೆಸುವಿನ ಸೊಪ್ಪು ಆ ಹೊತ್ತಿಗೆ ಅಗ್ಗಕ್ಕೆ ಸಿಗುತ್ತವೆ. ಒಗೆದ ಬಟ್ಟೆಯನ್ನು ಅವ್ವ ಕೆಂಡದ ಮೇಲೆ ಬುಟ್ಟಿ ಕವುಚಿ ಒಣಗಿಸುತ್ತಿದ್ದಳು. ನನ್ನ ಮೇಜನ್ನು ಅದರ ಪಕ್ಕಕ್ಕೆ ಎಳೆದುಕೊಂಡೆ. ಮನೆಯಲ್ಲಿ ಬೆರಳು ಮರಗಟ್ಟದ ಜಾಗ ಅದೊಂದೇ.

ಬರೆಯುವ ಕೆಲಸ ಬರಲಿಲ್ಲ ಎಂದಲ್ಲ, ತುಂಬ ಬಂತು. ಸಂಘದ ವಾರ್ಷಿಕ ವರದಿ, ಸ್ಮರಣ ಸಂಚಿಕೆಯ ಕರಡು ತಿದ್ದುವುದು, ನಿವೃತ್ತರಾಗುವ ಮೇಷ್ಟ್ರಿಗೆ ಅಭಿನಂದನಾ ಪತ್ರ, ಮದುವೆಯ ಆಮಂತ್ರಣ, ದಸರಾ ಮಂಟಪದ ಕಥಾಸಾರ. ಕೇಳಿದವರೆಲ್ಲರೂ ಪರಿಚಯದವರು, ಎಲ್ಲರ ಬಾಯಲ್ಲೂ ಒಂದೇ ಮಾತು: "ಹೇಗೂ ಮನೆಯಲ್ಲೇ ಇದ್ದೀರಲ್ಲ." ಯಾರೂ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೂ ಆ ಮಾತು ನನ್ನನ್ನು ಬಹಳ ನೋಯಿಸಿತು. ಕಚೇರಿಯ ಕುರ್ಚಿಯಲ್ಲಿ ಕುಳಿತು ಮಾಡಿದಾಗ ಕೆಲಸವಾಗಿದ್ದದ್ದು ಮನೆಯ ಕುರ್ಚಿಯಲ್ಲಿ ಹೊತ್ತು ಕಳೆಯುವ ದಾರಿಯಾಗಿಬಿಟ್ಟಿತ್ತು. ಇಲ್ಲ ಎನ್ನುವ ಧೈರ್ಯ ನನಗೂ ಇರಲಿಲ್ಲ, ಏಕೆಂದರೆ ಬರವಣಿಗೆಗೆ ಎಷ್ಟು ಕೇಳಬೇಕು ಎಂಬುದು ನನಗೇ ಗೊತ್ತಿರಲಿಲ್ಲ.

ಜುಲೈ ಎರಡನೆಯ ವಾರ ಸಿದ್ದಾಪುರದ ಕಡೆಯಿಂದ ಚಿಕ್ಕಪ್ಪನ ಫೋನ್ ಬಂತು. "ಮಗಳೇ, ರಾತ್ರಿ ಆನೆ ನುಗ್ಗಿ ತೋಟ ಹಾಳಾಗಿದೆ. ನೀನು ಪೇಪರಿನಲ್ಲಿ ಬರೆದವಳು, ಒಂದು ಅರ್ಜಿ ಬರೆದುಕೊಡು." ಹತ್ತು ನಿಮಿಷದಲ್ಲಿ ಬರೆದು ಕಳುಹಿಸಿದೆ. ಕಾಡಾನೆಗಳ ಹಿಂಡು ತೋಟಕ್ಕೆ ದಾಳಿ ಮಾಡಿ ಕಾಫಿ, ಬಾಳೆ, ಅಡಿಕೆ ಬೆಳೆಗೆ ಅಪಾರ ಹಾನಿ ಉಂಟುಮಾಡಿದೆ ಎಂದು. ಎರಡು ದಿನ ಬಿಟ್ಟು ಚಿಕ್ಕಪ್ಪ ಮತ್ತೆ ಫೋನ್ ಮಾಡಿದರು. ಅರಣ್ಯ ಇಲಾಖೆಯ ಕಚೇರಿಯಲ್ಲಿ ಅರ್ಜಿ ನೋಡಿದ ಯುವಕ ಬಹಳ ಮರ್ಯಾದೆಯಿಂದಲೇ ಕೇಳಿದ್ದನಂತೆ: "ಅಪಾರ ಎಂದರೆ ಎಷ್ಟು?"

ನನ್ನಲ್ಲಿ ಉತ್ತರವಿರಲಿಲ್ಲ. ಆ ವಾಕ್ಯವನ್ನು ಜಿಲ್ಲಾ ಪುಟದಲ್ಲಿ ನಾನು ಎಷ್ಟು ಸಲ ಹಾಕಿದ್ದೇನೋ ಲೆಕ್ಕವಿಲ್ಲ. ಹೆಸರು, ಊರು ಬದಲಾಗುತ್ತಿದ್ದವು, ಅಪಾರ ಮಾತ್ರ ಹಾಗೇ ಇರುತ್ತಿತ್ತು.

ಮರುದಿನ ಬೆಳಗಿನ ಬಸ್ಸಿನಲ್ಲಿ ಚೆಟ್ಟಳ್ಳಿ ಮಾರ್ಗವಾಗಿ ಹೋದೆ. ಮೂರು ಎಕರೆಯ ತೋಟ. ಹಲಸಿನ ಹಣ್ಣಿನ ವಾಸನೆಗೆ ಆನೆಗಳು ಬಂದಿದ್ದವು. ಮಳೆ ಶುರುವಾದ ಮೇಲೆ ಹಲಸಿನ ಮರವಿರುವ ತೋಟದವರಿಗೆ ಅದೇ ಭಯ. ಕೆಲವರು ಕಾಯಿ ಎಳೆಯದಾಗಿರುವಾಗಲೇ ಕೊಯ್ದು ಹಾಕುತ್ತಾರೆ. ಚಿಕ್ಕಪ್ಪ ಕೊಯ್ದಿರಲಿಲ್ಲ. ಹೆಜ್ಜೆ ಊರಿದ ಗುಂಡಿಗಳಲ್ಲಿ ನೀರು ನಿಂತಿತ್ತು. ನಾನು ಪುಸ್ತಕ ತೆಗೆದೆ, ಚಿಕ್ಕಪ್ಪ ಒಂದೊಂದು ಗಿಡದ ಬುಡಕ್ಕೂ ಕೋಲು ಮುಟ್ಟಿಸುತ್ತ ಎಣಿಸಿದರು. ರೊಬಸ್ಟಾ ಕಾಫಿ 43 ಗಿಡ, ಎಲ್ಲವೂ ಹನ್ನೆರಡು ವರ್ಷದ ಫಸಲು ಕೊಡುವ ಗಿಡಗಳು. ಬಾಳೆ 26. ಅಡಿಕೆ 9. ಕಾಳುಮೆಣಸಿನ ಬಳ್ಳಿ ಹಬ್ಬಿದ್ದ ಹಾಲವಾಣದ ಮರಗಳು 6. ಮೂವತ್ತೊಂದನೆಯ ಗಿಡದ ಹತ್ತಿರ ಅವರು ನಿಂತರು. "ಇದನ್ನು ನಿನ್ನ ಚಿಕ್ಕಮ್ಮ ನೆಟ್ಟದ್ದು" ಎಂದರು. ಚಿಕ್ಕಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ನಾನು ಅದನ್ನೂ ಬರೆದುಕೊಂಡೆ, ಅರ್ಜಿಗೆ ಬೇಕಿಲ್ಲದಿದ್ದರೂ. ಮಧ್ಯಾಹ್ನ ಅಡುಗೆಮನೆಯಲ್ಲಿ ಕುಳಿತು ಹೊಸ ಅರ್ಜಿ ಬರೆದೆ: ಸರ್ವೆ ನಂಬರ್, ದಿನಾಂಕ, ಹೊತ್ತು, ಗಿಡದ ಜಾತಿ, ವಯಸ್ಸು, ಸಂಖ್ಯೆ. ಜೊತೆಗೆ ಪಹಣಿ, ಬ್ಯಾಂಕ್ ಪುಸ್ತಕದ ಪ್ರತಿ, ಗಿಡಗಳ ಫೋಟೊ. ಒಂದೂವರೆ ಪುಟ. ವಿಶೇಷಣ ಒಂದೂ ಇರಲಿಲ್ಲ.

ಮರಳುವ ಬಸ್ಸಿನಲ್ಲಿ, ಕಿಟಕಿಯಿಂದ ತೊಟ್ಟಿಕ್ಕುವ ನೀರಿಗೆ ಪುಸ್ತಕ ಅಡ್ಡ ಹಿಡಿದು, ಮೂವತ್ತೊಂದನೆಯ ಗಿಡದ ಬಗ್ಗೆ ಎರಡು ಪುಟ ಬರೆದೆ. ಕೆಲಸ ಹೋದ ಮೇಲೆ ನನ್ನಿಂದ ಬಂದ ಮೊದಲ ಬರಹ ಅದು.

ಅಲ್ಲಿಂದ ದಿನ ಒಂದು ಹದಕ್ಕೆ ಬಂತು. ಬೆಳಗ್ಗೆ ಐದೂವರೆಯಿಂದ ಏಳೂವರೆ ನನ್ನ ಕಥೆಗೆ. ಹತ್ತರಿಂದ ಒಂದೂವರೆ ದುಡ್ಡಿನ ಕೆಲಸಕ್ಕೆ. ಮೂರರ ನಂತರ ಮೇಜಿನ ಮುಂದೆ ಕೂರುವುದಿಲ್ಲ. ರಾಜಾಸೀಟಿನವರೆಗೆ ನಡೆದು ಬರುತ್ತೇನೆ, ಇಲ್ಲವೇ ಗ್ರಂಥಾಲಯಕ್ಕೆ ಹೋಗುತ್ತೇನೆ. ನಡೆಯುವಾಗ ಏನಾದರೂ ಎಣಿಸುವುದು ಅಭ್ಯಾಸವಾಗಿದೆ. ಮಹದೇವಪೇಟೆಯ ರಸ್ತೆಯಲ್ಲಿ ಬಾಗಿಲು ಹಾಕಿದ ಅಂಗಡಿಗಳು, ಬಸ್ ನಿಲ್ದಾಣದಲ್ಲಿ ಒಬ್ಬರೇ ಕುಳಿತ ಮುದುಕರು. ಸಂಖ್ಯೆ ಕೈಗೆ ಬಂದರೆ ಅದರ ಹಿಂದೆ ಮನುಷ್ಯರು ಕಾಣುತ್ತಾರೆ ಎಂಬುದನ್ನು ನಾನು ಮನಸಾರೆ ನಂಬಿದ್ದೇನೆ.

ದರವನ್ನೂ ನಿಗದಿ ಮಾಡಿದೆ. ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಪದಕ್ಕೆ ಒಂದು ರೂಪಾಯಿ, ಕರಡು ತಿದ್ದಲು ಪುಟಕ್ಕೆ 25. ಸ್ಮರಣ ಸಂಚಿಕೆಗೆ ಮೊದಲ ಸಲ ದುಡ್ಡು ಕೇಳಿದಾಗ ಗಂಟಲು ಒಣಗಿತ್ತು. ಅತ್ತಲಿಂದ ಸ್ವಲ್ಪ ಹೊತ್ತು ಮಾತಿರಲಿಲ್ಲ, ಆಮೇಲೆ "ಆಯಿತು, ಬಿಲ್ ಕೊಡಿ" ಎಂದರು. ಇನ್ನಿಬ್ಬರು ಆಮೇಲೆ ಫೋನ್ ಮಾಡಲೇ ಇಲ್ಲ. ಕೆಲಸ ಒಪ್ಪುವ ಮುಂಚೆ ಪದಗಳ ಸಂಖ್ಯೆ, ದಿನ, ದರ ಈ ಮೂರನ್ನು ಬರಹದಲ್ಲಿ ಪಡೆಯುತ್ತೇನೆ. ದೊಡ್ಡ ಸಂಸ್ಥೆಗಳು ಶೇ 10 ತೆರಿಗೆ ಹಿಡಿದು ಕೊಡುತ್ತವೆ. ವರ್ಷದ ಕೊನೆಗೆ ರಿಟರ್ನ್ ಸಲ್ಲಿಸಿದರೆ, ನಮ್ಮಂಥ ಸಣ್ಣ ಆದಾಯದವರಿಗೆ ಅದು ಮರಳಿ ಬರುತ್ತದೆ. ಅರ್ಜಿಗೆ ಮಾತ್ರ ಯಾರಿಂದಲೂ ಹಣ ಪಡೆಯುವುದಿಲ್ಲ. ಬರೆಯಲು ಬಾರದವರ ಪರವಾಗಿ ಬರೆಯುವುದಕ್ಕೆ ಬೆಲೆ ಕಟ್ಟಬಾರದು ಎಂಬುದು ನನ್ನ ನಿರ್ಧಾರ.

ಇನ್ನೊಂದು ತೊಡಕು ಅಕ್ಷರದ್ದು. ಕಚೇರಿಯಲ್ಲಿ ನಾವು ಹಳೆಯ ನುಡಿ ಫಾಂಟಿನಲ್ಲೇ ಬರೆಯುತ್ತಿದ್ದೆವು. ಹೊರಗಿನ ಅನುವಾದದ ಕೆಲಸವೆಲ್ಲ ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯುನಿಕೋಡಿನಲ್ಲಿ. ಹಳೆಯ ಕಡತವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು. ಪರಿವರ್ತಕ ತಂತ್ರಾಂಶದಲ್ಲಿ ಹಾಕಿದಾಗ ಬಹುಪಾಲು ಸರಿ ಬಂತು, ಆದರೆ ಅರ್ಕಾವತ್ತು, ಒತ್ತಕ್ಷರಗಳಲ್ಲಿ ಅಲ್ಲಲ್ಲಿ ತಪ್ಪುಗಳು ಉಳಿದವು. ಹಾಗೆ ನನ್ನ ಹಳೆಯ ಒಂಬತ್ತು ಕಥೆಗಳನ್ನು ಸಾಲು ಸಾಲಾಗಿ ಕೂತು ತಿದ್ದಬೇಕಾಯಿತು. ತಿದ್ದುತ್ತ ಓದಿದೆ. ಎರಡು ಉಳಿದವು. ಮಿಕ್ಕ ಏಳರಲ್ಲಿ ಎಲ್ಲರ ನೋವೂ ಅಪಾರವಾಗಿತ್ತು, ಯಾರ ತೋಟದಲ್ಲೂ ಎಷ್ಟು ಗಿಡವಿದೆ ಎಂದು ತಿಳಿಯುತ್ತಿರಲಿಲ್ಲ. ಅವನ್ನು ಬದಿಗಿಟ್ಟೆ.

ತಿಂಗಳಿಗೆ ಈಗ ಸಂಬಳದ ಸುಮಾರು ಮುಕ್ಕಾಲು ಪಾಲು ದುಡಿಯುತ್ತೇನೆ, ಮಳೆಗಾಲದಲ್ಲಿ ಅರ್ಧ. ಕರೆಂಟ್ ಹೋದರೆ ಎರಡು ದಿನ ಬರುವುದಿಲ್ಲ, ಹಾಗಾಗಿ ಜೂನ್‌ನಿಂದ ಆಗಸ್ಟ್‌ವರೆಗೆ ಗಡುವು ಕೊಡುವಾಗ ಮೂರು ದಿನ ಹೆಚ್ಚಿಗೆ ಕೇಳುತ್ತೇನೆ. ಕಾರಣ ಹೇಳಿದರೆ ಬೆಂಗಳೂರಿನವರೂ ಒಪ್ಪುತ್ತಾರೆ.

ಚಿಕ್ಕಪ್ಪನಿಗೆ ಪರಿಹಾರದ ಹಣ ಬಂತು. ಕಳೆದುಹೋದ ಫಸಲಿಗೆ ಅದು ಸಾಲದು, ಹೊಸ ಸಸಿಗಳಿಗೆ ಸಾಕಾಯಿತು. ಮರುವರ್ಷದ ಜೂನ್‌ನಲ್ಲಿ ನಾನು, ಮಗಳು ಇಬ್ಬರೂ ಹೋದೆವು. ಅವರು 43 ಗುಂಡಿ ತೋಡಿಸಿದ್ದರು. ನರ್ಸರಿಯಲ್ಲಿ ಸಿಕ್ಕದ್ದು 40 ಸಸಿ. ಮೂವತ್ತೊಂದನೆಯ ಗುಂಡಿ ಯಾವುದು ಎಂದು ಅವರು ಕೇಳಿದರು. ನಾನು ಪುಸ್ತಕ ತೆಗೆದು, ಹಲಸಿನ ಮರದಿಂದ ಎಣಿಸಿ ತೋರಿಸಿದೆ. ಮೊದಲ ಸಸಿಯನ್ನು ಅಲ್ಲಿಗೆ ನೆಟ್ಟರು.